ಲಿನಕ್ಸ್ ತಂತ್ರಾಂಶ ಸ್ಥಾಪನೆಯಲ್ಲಿ ಅವಲಂಬನೆಯ ಲೋಪ: ಒಂದು ವಿವೇಚನೆ

1

ಓಲೆಗರಿಯ ಕಟ್ಟೊಂದನ್ನು ಬಿಚ್ಚಿದಾಗ ಟೀಕೆ ಮಾತ್ರ ದೊರೆತು ಮೂಲಕೃತಿ ದೊರೆಯದೆ ಹೋಗುವ ಪ್ರಸಂಗ ಗ್ರಂಥಸಂಪಾದಕರಿಗೆ ಅಪರಿಚಿತವಲ್ಲ. ಟೀಕಾಕಾರನು ಯಾವ ಪದ್ಯವನ್ನು ಮುಂದಿರಿಸಿಕೊಂಡು ಬರೆದನೋ ಆ ಪದ್ಯವೇ ಇಲ್ಲವಾದಾಗ, ಟೀಕೆಯ ಒಂದಕ್ಷರವೂ ನಷ್ಟವಾಗದಿದ್ದರೂ ಅದು ಅರ್ಥಕ್ಕೆ ಒದಗುವುದಿಲ್ಲ. ಅದರ ಕೊರತೆ ಅದರೊಳಗಿನದಲ್ಲ. ಅದು ಆಶ್ರಯಿಸಿದ ಇನ್ನೊಂದರದು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸಲು ಹೊರಟವರು ಪದೇ ಪದೇ ಎದುರಿಸುವ ‘ಡಿಪೆಂಡೆನ್ಸಿ’ಯ, ಎಂದರೆ ಅವಲಂಬನೆಯ, ತೊಡಕೂ ಸ್ವರೂಪದಲ್ಲಿ ಇಂಥದೇ ಆಗಿದೆ.

ಈ ತೊಡಕು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದು ಎಂದು ಬದಿಗಿರಿಸುವ ಕಾಲ ಇದಲ್ಲ. ಕನ್ನಡ ಸಂಶೋಧನೆಗೆ ಗಣಕಯಂತ್ರವನ್ನು ಒದಗಿಸಿಕೊಂಡ ಮೊದಲಿಗರಲ್ಲಿ ಒಬ್ಬರಾದ ಶ್ರೀನಿವಾಸ ಹಾವನೂರರು ಮುಂಬಯಿಯಲ್ಲಿಯೂ ದುಡಿದವರು. ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿರುವ ವಿದ್ಯಾನಗರಿಯ ರಾನಡೆ ಭವನದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಅಲ್ಲಿಯ ಸಂಶೋಧನ ವಿದ್ಯಾರ್ಥಿಯೊಬ್ಬನು ಮುಂಬಯಿಯ ಹಳೆಯ ಕನ್ನಡ ಪತ್ರಿಕೆಗಳ ಪುಟಗಳನ್ನು ಛಾಯಾಚಿತ್ರವಾಗಿ ತೆಗೆದು, ಅವುಗಳಲ್ಲಿಯ ಪದಗಳನ್ನು ಹುಡುಕಲು ಸಾಧ್ಯವಾಗುವ ಪಠ್ಯವಾಗಿ ಮಾರ್ಪಡಿಸಬೇಕೆಂದು ಬಯಸುತ್ತಾನೆಂದು ಭಾವಿಸಬಹುದು. ಅವನಿಗೆ ಅಕ್ಷರಗಳನ್ನು ಗುರುತಿಸುವ ‘ಟೆಸರ‍್ಯಾಕ್ಟ್’ ಎಂಬ ತಂತ್ರಾಂಶ ಬೇಕು. ಕನ್ನಡವನ್ನು ತೋರಿಸುವ ಅಕ್ಷರವಿನ್ಯಾಸ ಬೇಕು. ತಪ್ಪುಗಳನ್ನು ತಿದ್ದಲು ಕನ್ನಡದಲ್ಲಿ ಬೆರಳಚ್ಚಿಸುವ ಸೌಕರ್ಯ ಬೇಕು. ಇವೆಲ್ಲವೂ ಲಿನಕ್ಸ್‌ನಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಆದರೆ ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ಬರುವುದಿಲ್ಲ. ಒಂದನ್ನು ಸ್ಥಾಪಿಸಹೊರಟರೆ ಅದು ಮತ್ತೊಂದನ್ನು ಕೇಳುತ್ತದೆ. ಮತ್ತೊಂದು ಇನ್ನೊಂದನ್ನು ಕೇಳುತ್ತದೆ. ಕೇಳಿದ್ದು ದೊರೆಯದಾಗ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹೀಗೆ ನಿಂತ ಕೆಲಸವನ್ನು ಮುಂದುವರಿಸುವ ಬಗೆ ಯಾವುದು, ಯಂತ್ರವು ಸೂಚಿಸುವ ಲೋಪಗಳು ಎಷ್ಟು ವಿಧ, ಯಂತ್ರವು ಸೂಚಿಸದೆ ಬಿಡುವ ಲೋಪ ಯಾವುದು ಎಂಬುದನ್ನು ಕನ್ನಡದ ವಿದ್ಯಾರ್ಥಿಗಳ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲಿಗೆ ಪ್ಯಾಕೇಜಿನ ಸ್ವರೂಪವನ್ನು ತಿಳಿಯಬೇಕು. ತಂತ್ರಾಂಶವೊಂದರ ಕಡತಗಳನ್ನೆಲ್ಲ ಒಂದುಗೂಡಿಸಿ, ಅವು ಯಂತ್ರದ ಯಾವ ಯಾವ ಸ್ಥಾನದಲ್ಲಿ ಕೂರಬೇಕೆಂಬ ವಿವರದೊಡನೆ ಕಟ್ಟಿದ ಕಟ್ಟೇ ಪ್ಯಾಕೇಜು. ಕಟ್ಟಿನೊಳಗೆ ಒಂದು ವಿವರಪತ್ರವಿರುತ್ತದೆ. ಅದರಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿಯ ಸಂಖ್ಯೆ, ಅದು ಅವಲಂಬಿಸುವ ಇತರ ಪ್ಯಾಕೇಜುಗಳ ಪಟ್ಟಿ, ಅದರೊಡನೆ ಹೊಂದಿಕೊಳ್ಳದ ಪ್ಯಾಕೇಜುಗಳ ಪಟ್ಟಿ ಇವೆಲ್ಲ ದಾಖಲಾಗಿರುತ್ತವೆ. ಡೆಬಿಯನ್ ಸಂಪ್ರದಾಯದ ವಿವರಪತ್ರವು ಅವಲಂಬನೆಯಲ್ಲಿಯೂ ತರತಮವನ್ನು ಗುರುತಿಸುತ್ತದೆ: ಇದ್ದೇ ತೀರಬೇಕಾದದ್ದು ‘ಡಿಪೆಂಡ್ಸ್’, ಸಾಮಾನ್ಯವಾಗಿ ಇರಬೇಕಾದದ್ದು ‘ರೆಕಮೆಂಡ್ಸ್’, ಇದ್ದರೆ ಒಳ್ಳೆಯದು ಎನ್ನುವಂಥದು ‘ಸಜೆಸ್ಟ್ಸ್’.

ಒಂದು ತಂತ್ರಾಂಶ ಮತ್ತೊಂದನ್ನು ಏಕೆ ಅವಲಂಬಿಸಬೇಕು ಎಂಬ ಪ್ರಶ್ನೆ ಸಹಜ. ಹಲವು ತಂತ್ರಾಂಶಗಳಿಗೆ ಸಮಾನವಾಗಿ ಬೇಕಾಗುವ ಕೆಲಸಗಳನ್ನು ಒಮ್ಮೆ ಮಾತ್ರ ಬರೆದು ‘ಲೈಬ್ರರಿ’ ಎಂಬ ಹೆಸರಿನ ಸಾಮಾನ್ಯ ಸಂಗ್ರಹಗಳಲ್ಲಿ ಇರಿಸುವುದು ವಾಡಿಕೆ. ಟೆಸರ‍್ಯಾಕ್ಟ್ ಚಿತ್ರವನ್ನು ತೆರೆಯುವ ಕೆಲಸವನ್ನು ತಾನೇ ಮಾಡುವುದಿಲ್ಲ. ‘ಲೆಪ್ಟೋನಿಕಾ’ ಎಂಬ ಲೈಬ್ರರಿಗೆ ಒಪ್ಪಿಸುತ್ತದೆ. ಲೆಪ್ಟೋನಿಕಾ ತನ್ನ ಪಾಲಿಗೆ ಜೆಪೆಗ್, ಪಿಎನ್‌ಜಿ, ಟಿಫ್ ಮುಂತಾದ ಚಿತ್ರಪ್ರಕಾರಗಳನ್ನು ಓದಬಲ್ಲ ಬೇರೆ ಲೈಬ್ರರಿಗಳನ್ನು ಆಶ್ರಯಿಸುತ್ತದೆ. ಇದರಿಂದ ಜಾಗ ಉಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ, ಒಂದು ಲೈಬ್ರರಿಯ ದೋಷವನ್ನು ತಿದ್ದಿದರೆ ಅದನ್ನು ಬಳಸುವ ನೂರಾರು ತಂತ್ರಾಂಶಗಳು ಏಕಕಾಲದಲ್ಲಿ ಸರಿಹೋಗುತ್ತವೆ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ. 1993ರಲ್ಲಿ ಬಂದ ಸ್ಲಾಕ್‌ವೇರ್ ವಿತರಣೆಯು ಕಟ್ಟನ್ನು ಬಿಚ್ಚಿ ಕಡತಗಳನ್ನು ಅವುಗಳ ಸ್ಥಾನದಲ್ಲಿ ಇರಿಸುತ್ತಿತ್ತು. ಅವಲಂಬನೆಯ ವಿಚಾರಣೆಯನ್ನು ಬಳಸುವವನಿಗೇ ಬಿಟ್ಟಿತ್ತು. ಅದೇ ವರ್ಷ ಆರಂಭವಾದ ಡೆಬಿಯನ್ ‘ಡಿಪಿಕೆಜಿ’ ಎಂಬ ಸಾಧನವನ್ನೂ, ಅನಂತರ ರೆಡ್ ಹ್ಯಾಟ್ ಸಂಸ್ಥೆ ‘ಆರ್‌ಪಿಎಂ’ ಎಂಬ ಸಾಧನವನ್ನೂ ರೂಪಿಸಿದವು. ಇವು ವಿವರಪತ್ರವನ್ನು ಓದಿ ‘ಇಂಥದು ಇಲ್ಲ’ ಎಂದು ಹೇಳಬಲ್ಲವಾಗಿದ್ದವು. ಆದರೆ ಇಲ್ಲದ್ದನ್ನು ತಂದುಕೊಡುವ ಶಕ್ತಿ ಅವಕ್ಕೆ ಇರಲಿಲ್ಲ. ಒಂದನ್ನು ಹುಡುಕಿ ತಂದರೆ ಅದು ಇನ್ನೆರಡನ್ನು ಕೇಳುತ್ತಿತ್ತು. ಆ ದಿನಗಳ ಬಳಕೆದಾರರು ಇದನ್ನು ‘ಅವಲಂಬನೆಯ ನರಕ’ ಎಂದು ಕರೆದದ್ದು ಅತಿಶಯೋಕ್ತಿಯಲ್ಲ. 1999ರಲ್ಲಿ ಡೆಬಿಯನ್ 2.1ರೊಡನೆ ಬಂದ ‘ಆಪ್ಟ್’ ಎಂಬ ಸಾಧನವು ಜಾಲದ ಮೇಲಿನ ಪ್ಯಾಕೇಜು ಭಂಡಾರದಿಂದ ಬೇಕಾದದ್ದನ್ನೆಲ್ಲ ತಾನೇ ತಂದು ಕ್ರಮವಾಗಿ ಸ್ಥಾಪಿಸತೊಡಗಿತು. ಆರ್‌ಪಿಎಂ ಪರಂಪರೆಯಲ್ಲಿ ಈ ಕೆಲಸವನ್ನು ಮೊದಲು ‘ಯಮ್’, 2015ರ ಫೆಡೋರಾ 22ರಿಂದ ‘ಡಿಎನ್‌ಎಫ್’ ನಿರ್ವಹಿಸುತ್ತ ಬಂದಿವೆ. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರ ಭಂಡಾರದಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು ಎಂಬುದನ್ನು ನೆನೆದರೆ ಈ ಸಾಧನಗಳ ಹೊಣೆಯ ಗಾತ್ರ ಅರಿವಾಗುತ್ತದೆ.

3

ಸಾಧನಗಳು ಇಷ್ಟು ಬೆಳೆದಿದ್ದರೂ ಲೋಪ ಸಂಭವಿಸುತ್ತಲೇ ಇರುತ್ತದೆ. ಸಂಭವಿಸಿದಾಗ ತೆರೆಯ ಮೇಲೆ ಮೂಡುವ ಸಂದೇಶಗಳು ಮೊದಲ ನೋಟಕ್ಕೆ ಒಂದೇ ಬಗೆಯವಾಗಿ ಕಾಣುತ್ತವೆ. ವಾಸ್ತವದಲ್ಲಿ ಅವು ಮೂರು ಬೇರೆ ಬೇರೆ ಲೋಪಗಳ ಸೂಚಕಗಳು. ಪರಿಹಾರವೂ ಬೇರೆ ಬೇರೆ. ಇವನ್ನು ಬೇರ್ಪಡಿಸಿ ತಿಳಿಯಲು ಭಾರತೀಯ ವಾಕ್ಯಮೀಮಾಂಸೆಯ ಮೂರು ಪರಿಭಾಷೆಗಳು ನೆರವಾಗುತ್ತವೆ. ಪದಗಳ ಸಮೂಹವು ವಾಕ್ಯವೆನಿಸಬೇಕಾದರೆ ಅವುಗಳಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಇರಬೇಕೆಂಬುದು ಶಾಸ್ತ್ರಪರಿಚಯವುಳ್ಳವರಿಗೆಲ್ಲ ತಿಳಿದದ್ದೇ. ಒಂದು ಪದ ಮತ್ತೊಂದನ್ನು ಬಯಸುವುದು ಆಕಾಂಕ್ಷೆ. ಬಯಸಿದ ಪದದ ಅರ್ಥವು ಹೊಂದಿಕೊಳ್ಳುವಂತಿರುವುದು ಯೋಗ್ಯತೆ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬಲ್ಲಿ ಇಲ್ಲದ್ದು ಇದೇ. ಪದಗಳು ಒಂದಕ್ಕೊಂದು ಸಮೀಪದಲ್ಲಿ ಉಚ್ಚರಿತವಾಗುವುದು ಸನ್ನಿಧಿ. ಪ್ಯಾಕೇಜುಗಳ ಕೂಟವು ನಡೆಯಬಲ್ಲ ತಂತ್ರಾಂಶವಾಗಲು ಬೇಕಾದದ್ದೂ ಇವೇ ಮೂರು.

ಸನ್ನಿಧಿಯ ಲೋಪವನ್ನು ಮೊದಲು ಪರಿಶೀಲಿಸುವುದು ಯುಕ್ತ. ಅದು ಹೆಚ್ಚು ಸಾಮಾನ್ಯವಾದದ್ದು, ಪರಿಹಾರವೂ ಸುಲಭವಾದದ್ದು. ಕೇಳಿದ ಪ್ಯಾಕೇಜು ಲೋಕದಲ್ಲಿದೆ, ಆದರೆ ಈ ಯಂತ್ರಕ್ಕೆ ಅದರ ಸುಳಿವಿಲ್ಲ. ಆಪ್ಟ್ ಭಂಡಾರವನ್ನು ಪ್ರತಿ ಸಲವೂ ನೇರವಾಗಿ ಜಾಲಾಡುವುದಿಲ್ಲ. ಭಂಡಾರದ ಸೂಚಿಯ ಪ್ರತಿಯೊಂದನ್ನು ಯಂತ್ರದಲ್ಲಿ ಇರಿಸಿಕೊಂಡಿರುತ್ತದೆ. ಸೂಚಿ ಹಳತಾದರೆ ಅದು ಹೆಸರಿಸುವ ಆವೃತ್ತಿ ಭಂಡಾರದಲ್ಲಿ ಇಲ್ಲದೆ ಹೋಗಬಹುದು. ‘ಆಪ್ಟ್ ಅಪ್‌ಡೇಟ್’ ಎಂಬ ಆದೇಶ ಸೂಚಿಯನ್ನು ನವೀಕರಿಸುತ್ತದೆ. ಗ್ರಂಥಾಲಯದ ಹೊಸ ಪುಸ್ತಕಕ್ಕೆ ಹಳೆಯ ಸೂಚಿಪತ್ರದಲ್ಲಿ ಹುಡುಕಾಡಿದರೆ ಫಲವಿಲ್ಲವೆಂಬಷ್ಟೇ ಸರಳವಾದ ಸಂಗತಿ ಇದು. ಸೂಚಿ ಹೊಸದಾಗಿದ್ದೂ ಪ್ಯಾಕೇಜು ಕಾಣದಿದ್ದರೆ ಅದು ಭಂಡಾರದ ತೆರೆಯದ ಕೋಣೆಯಲ್ಲಿರಬಹುದು. ಉಬುಂಟುವಿನಲ್ಲಿ ‘ಯೂನಿವರ್ಸ್’ ಎಂಬ ವಿಭಾಗವನ್ನು ಸಕ್ರಿಯಗೊಳಿಸದಿದ್ದರೆ ಅದರಲ್ಲಿಯ ಪ್ಯಾಕೇಜುಗಳು ಇಲ್ಲವೆಂದೇ ಯಂತ್ರ ಹೇಳುತ್ತದೆ. ಹೆಸರು ಬೇರೆಯಾಗಿರುವುದೂ ಉಂಟು: ಟೆಸರ‍್ಯಾಕ್ಟ್‌ನ ಕನ್ನಡ ಸಾಮಗ್ರಿಗೆ ಡೆಬಿಯನ್ ಇಟ್ಟ ಹೆಸರು ‘ಟೆಸರ‍್ಯಾಕ್ಟ್-ಓಸಿಆರ್-ಕನ್’, ಫೆಡೋರಾದಲ್ಲಿ ಅದೇ ಸಾಮಗ್ರಿ ‘ಟೆಸರ‍್ಯಾಕ್ಟ್-ಲ್ಯಾಂಗ್‌ಪ್ಯಾಕ್-ಕನ್’. ಯಾವ ಕಡತ ಯಾವ ಪ್ಯಾಕೇಜಿನಲ್ಲಿದೆಯೆಂದು ತಿಳಿಯಲು ಡೆಬಿಯನ್‌ನಲ್ಲಿ ‘ಆಪ್ಟ್-ಫೈಲ್’, ಫೆಡೋರಾದಲ್ಲಿ ‘ಡಿಎನ್‌ಎಫ್ ಪ್ರೊವೈಡ್ಸ್’ ಎಂಬ ಸೌಲಭ್ಯಗಳಿವೆ.

ಜಾಲಸಂಪರ್ಕವೇ ಇಲ್ಲದ ಕಡೆ ಸನ್ನಿಧಿಯನ್ನು ಕೈಯಿಂದಲೇ ಕಲ್ಪಿಸಬೇಕಾಗುತ್ತದೆ. 1990ರ ದಶಕದ ಕೊನೆಯಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯೊಡನೆ ಬರುತ್ತಿದ್ದ ಲಿನಕ್ಸ್ ಸಿ.ಡಿ.ಗಳೇ ಭಾರತದ ಅನೇಕರ ಪಾಲಿಗೆ ಭಂಡಾರವಾಗಿದ್ದವು. ಈಗ ‘ಆಪ್ಟ್-ಆಫ್‌ಲೈನ್’ ಎಂಬ ಸಾಧನ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಸಂಪರ್ಕವಿಲ್ಲದ ಯಂತ್ರ ತನಗೆ ಬೇಕಾದವುಗಳ ಪಟ್ಟಿಯನ್ನು ಬರೆದುಕೊಡುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಸಂಪರ್ಕವಿರುವ ಯಂತ್ರಕ್ಕೆ ಒಯ್ದು, ಪ್ಯಾಕೇಜುಗಳನ್ನು ಇಳಿಸಿಕೊಂಡು ಮರಳಿ ತರಬಹುದು.

ಎರಡನೆಯದು ಆಕಾಂಕ್ಷೆ ಈಡೇರದೆ ಉಳಿಯುವ ಲೋಪ. ಎಲ್ಲಿಂದಲೋ ದೊರೆತ ಒಂಟಿ ಪ್ಯಾಕೇಜನ್ನು ‘ಡಿಪಿಕೆಜಿ’ಯಿಂದ ಸ್ಥಾಪಿಸಿದಾಗ ಇದು ಸಂಭವಿಸುತ್ತದೆ. ಡಿಪಿಕೆಜಿ ಕಟ್ಟನ್ನು ಬಿಚ್ಚುತ್ತದೆ, ಬೇಕಾದ ಸಂಗಾತಿ ಕಾಣದಿದ್ದಾಗ ಸಂಯೋಜಿಸದೆ ಅರ್ಧಕ್ಕೆ ಬಿಡುತ್ತದೆ. ‘ಆಪ್ಟ್-ಗೆಟ್’ ಆದೇಶವನ್ನು ‘ಫಿಕ್ಸ್-ಬ್ರೋಕನ್’ ಎಂಬ ಸೂಚನೆಯೊಡನೆ ನಡೆಸಿದರೆ ಅದು ಭಂಡಾರದಲ್ಲಿ ಹುಡುಕಿ ಕೊರತೆಯನ್ನು ತುಂಬಲು ಯತ್ನಿಸುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕೊರತೆಯನ್ನು ತುಂಬಲಾಗದಿದ್ದರೆ ಅದು ಮತ್ತೊಂದು ಮಾರ್ಗವನ್ನು ಹಿಡಿಯುತ್ತದೆ: ಕೊರತೆಯುಳ್ಳ ಪ್ಯಾಕೇಜನ್ನೇ ತೆಗೆದುಹಾಕುತ್ತದೆ. ಅರ್ಥವಾಗದ ಪದ್ಯವನ್ನು ಪ್ರಕ್ಷಿಪ್ತವೆಂದು ಕಿತ್ತುಹಾಕುವ ಸಂಪಾದಕನಂತೆ ಇದು ತರ್ಕಕ್ಕೆ ಸಮ್ಮತವಾದರೂ ಬಳಸುವವನಿಗೆ ಇಷ್ಟವಾದದ್ದಲ್ಲ. ಆದ್ದರಿಂದ ‘ಸೇರಿಸಲಾಗುವವು’, ‘ತೆಗೆಯಲಾಗುವವು’ ಎಂಬ ಎರಡು ಪಟ್ಟಿಗಳನ್ನೂ ಓದದೆ ಒಪ್ಪಿಗೆ ಕೊಡಬಾರದು. ಈಗಿನ ಆಪ್ಟ್‌ಗೆ ಕಡತದ ದಾರಿಯನ್ನೇ ತೋರಿಸಿ ಸ್ಥಾಪಿಸಲು ಹೇಳಿದರೆ ಅದು ಆರಂಭದಲ್ಲಿಯೇ ಅವಲಂಬನೆಗಳನ್ನು ಒದಗಿಸಿಕೊಳ್ಳುವುದರಿಂದ ಈ ಪೇಚು ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯದಾದ ಯೋಗ್ಯತೆಯ ಲೋಪ ಹೆಚ್ಚು ಜಟಿಲ. ಕೇಳಿದ ಹೆಸರಿನ ಪ್ಯಾಕೇಜು ಇದೆ. ಆದರೆ ಕೇಳಿದ ಆವೃತ್ತಿಯದಲ್ಲ. ಲೈಬ್ರರಿಯ ಹೆಸರಿನ ಕೊನೆಯಲ್ಲಿ ಒಂದು ಸಂಖ್ಯೆಯಿರುತ್ತದೆ. ಹಿಂದಿನದರೊಡನೆ ಹೊಂದದ ಬದಲಾವಣೆ ಆದಾಗ ಮಾತ್ರ ಆ ಸಂಖ್ಯೆ ಬದಲಾಗಬೇಕೆಂಬುದು ನಿಯಮ. ಆದುದರಿಂದ 1ನ್ನು ಕೇಳುವ ತಂತ್ರಾಂಶಕ್ಕೆ 2 ಇದ್ದರೆ ಸಾಲದು. ತಂತ್ರಾಂಶವೊಂದಕ್ಕೆ ಬೇಕಾದ ಲೈಬ್ರರಿಗಳಲ್ಲಿ ಯಾವುದು ಸಿಗುತ್ತಿಲ್ಲವೆಂಬುದನ್ನು ‘ಎಲ್‌ಡಿಡಿ’ ಎಂಬ ಆದೇಶ ಹೆಸರುಹೆಸರಾಗಿ ತೋರಿಸುತ್ತದೆ. ಇಲ್ಲಿ ಅನೇಕರು ಮಾಡುವ ತಪ್ಪು ಎರಡು ಬಗೆಯದು. 2ನೆಯ ಆವೃತ್ತಿಗೆ 1ರ ಹೆಸರಿನ ಚೀಟಿ ಅಂಟಿಸಿ ತಂತ್ರಾಂಶವನ್ನು ನಂಬಿಸುವುದು ಒಂದು. ಅವಲಂಬನೆಯನ್ನು ಗಮನಿಸಬೇಡವೆಂದು ಸಾಧನಕ್ಕೆ ಬಲವಂತದ ಆದೇಶ ಕೊಡುವುದು ಇನ್ನೊಂದು. ಡಿಪಿಕೆಜಿಯಲ್ಲಿಯೂ ಆರ್‌ಪಿಎಂನಲ್ಲಿಯೂ ಇದಕ್ಕೆ ಅವಕಾಶವಿದೆ. ಎರಡರಲ್ಲಿಯೂ ಸ್ಥಾಪನೆ ಮುಗಿದಂತೆ ತೋರುತ್ತದೆ. ಆದರೆ ತಂತ್ರಾಂಶ ತೆರೆಯದೆ ಹೋಗಬಹುದು. ತೆರೆದು ನಡುವೆ ನಿಲ್ಲಬಹುದು. ಅದಕ್ಕಿಂತ ಅಪಾಯಕರವಾಗಿ, ತಪ್ಪು ಫಲವನ್ನು ಕೊಡಬಹುದು.

ಯೋಗ್ಯತೆಯ ಲೋಪಕ್ಕೆ ಸರಿಯಾದ ಪರಿಹಾರವೆಂದರೆ ಎಲ್ಲ ಪ್ಯಾಕೇಜುಗಳನ್ನೂ ವಿತರಣೆಯ ಒಂದೇ ಬಿಡುಗಡೆಯಿಂದ ಪಡೆಯುವುದು. ಸ್ಥಿರ ಬಿಡುಗಡೆಯ ಯಂತ್ರಕ್ಕೆ ಪ್ರಾಯೋಗಿಕ ಬಿಡುಗಡೆಯ ಭಂಡಾರವನ್ನು ಬೆರೆಸುವುದು ಭಿನ್ನ ಶಾಖೆಗಳ ಹಸ್ತಪ್ರತಿಗಳಿಂದ ಒಂದೊಂದು ಸಾಲನ್ನು ಆಯ್ದು ಪಠ್ಯ ಕಟ್ಟಿದಂತೆ. ಕೇಳಿದ ಆವೃತ್ತಿ ಅನಿವಾರ್ಯವಾದರೆ ಅದನ್ನು ಮೂಲಕ್ರಮದಿಂದ ಸಿದ್ಧಪಡಿಸಬಹುದು. ಆಗ ಡೆಬಿಯನ್‌ನಲ್ಲಿ ‘ಡೆವ್’, ಫೆಡೋರಾದಲ್ಲಿ ‘ಡೆವೆಲ್’ ಎಂದು ಕೊನೆಗೊಳ್ಳುವ ಪ್ಯಾಕೇಜುಗಳೂ ಬೇಕು. ಲೈಬ್ರರಿ ಇದ್ದೂ ‘ಇಲ್ಲ’ವೆಂಬ ಸಂದೇಶ ಬಂದರೆ ಇವುಗಳ ಅಭಾವವೇ ಸಾಮಾನ್ಯವಾಗಿ ಕಾರಣ. ಇನ್ನೊಂದು ಮಾರ್ಗ, ಅವಲಂಬನೆಗಳನ್ನು ಬೇರೆಯಾಗಿ ಹೊತ್ತು ತರುವ ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್ ಮೊದಲಾದ ಕಟ್ಟುಗಳು. ಅವು ಜಗಳವನ್ನು ತಪ್ಪಿಸುತ್ತವೆ, ಆದರೆ ಹೆಚ್ಚು ಜಾಗವನ್ನು ಬೇಡುತ್ತವೆ. ಕಟ್ಟಿನೊಳಗಿನ ಲೈಬ್ರರಿಯ ದೋಷವನ್ನು ಕಟ್ಟಿದವರೇ ತಿದ್ದಬೇಕಾಗುತ್ತದೆ.

ಅಪರಿಚಿತ ಸ್ಥಾನಗಳಿಂದ ಪ್ಯಾಕೇಜು ತರುವಾಗ ನಂಬಿಕೆಯ ಪ್ರಶ್ನೆಯೂ ಏಳುತ್ತದೆ. ಪರಿಚಿತ ಭಂಡಾರವೂ ಅಪಾಯದಿಂದ ಪೂರ್ತಿ ಮುಕ್ತವಲ್ಲ. ದತ್ತಾಂಶವನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಸಾಮಾನ್ಯ ಸಾಧನದೊಳಗೆ ಯಾರೋ ಕಳ್ಳದಾರಿಯನ್ನು ಸೇರಿಸಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಅವಲಂಬನೆಯ ಸರಪಣಿಯಲ್ಲಿ ಎರಡು ಮೂರು ಕೊಂಡಿ ಆಚೆಗಿದ್ದ ಆ ಲೈಬ್ರರಿಯ ಮೂಲಕ ದೂರಪ್ರವೇಶದ ತಂತ್ರಾಂಶವನ್ನೇ ಭೇದಿಸುವ ಹಂಚಿಕೆ ಅದಾಗಿತ್ತು. ಕಾಣದ ಅವಲಂಬನೆಯೂ ಅವಲಂಬನೆಯೇ ಎಂಬುದನ್ನು ಈ ಪ್ರಸಂಗ ಮನಗಾಣಿಸಿತು.

4

ಇಷ್ಟು ಯಂತ್ರವು ಬಾಯಿಬಿಟ್ಟು ಹೇಳುವ ಲೋಪಗಳ ವಿಚಾರವಾಯಿತು. ಕನ್ನಡದ ವಿದ್ಯಾರ್ಥಿಗೆ ಹೆಚ್ಚು ಮುಖ್ಯವಾದದ್ದು ಯಂತ್ರವು ಹೇಳದೆ ಬಿಡುವ ಲೋಪ.

ಡೆಬಿಯನ್‌ನಲ್ಲಿ ಟೆಸರ‍್ಯಾಕ್ಟ್ ಪ್ಯಾಕೇಜನ್ನು ಕೇಳಿದರೆ ಅದರೊಡನೆ ಇಂಗ್ಲಿಷಿನ ಸಾಮಗ್ರಿ ಕಡ್ಡಾಯದ ಅವಲಂಬನೆಯಾಗಿ ತಾನಾಗಿಯೇ ಬರುತ್ತದೆ. ಕನ್ನಡದ ಸಾಮಗ್ರಿ ಬರುವುದಿಲ್ಲ. ಸ್ಥಾಪನೆ ಮಾತ್ರ ಯಾವ ದೋಷವನ್ನೂ ಸೂಚಿಸದೆ ಸಂಪೂರ್ಣವಾಗುತ್ತದೆ. ಕನ್ನಡ ಪುಟವನ್ನು ಭಾಷೆಯ ಹೆಸರು ಹೇಳದೆ ಅದರ ಮುಂದಿಟ್ಟರೆ ಅದು ಇಂಗ್ಲಿಷಿನ ಕಣ್ಣಿನಿಂದಲೇ ಓದಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯನ್ನು ಒಪ್ಪಿಸುತ್ತದೆ. ಯಂತ್ರದ ದೃಷ್ಟಿಯಲ್ಲಿ ಇಲ್ಲಿ ಲೋಪವೇ ಇಲ್ಲ. ಏಕೆಂದರೆ ಕನ್ನಡವು ಯಾರ ಆಕಾಂಕ್ಷೆಯಲ್ಲಿಯೂ ದಾಖಲಾಗಿಲ್ಲ.

ಅಕ್ಷರವಿನ್ಯಾಸಗಳ ಸ್ಥಿತಿಯೂ ಇದೇ. ಕನ್ನಡ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಪಠ್ಯ ಖಾಲಿ ಚೌಕಗಳ ಸಾಲಾಗಿ ಕಾಣುತ್ತದೆ. ಫಾಂಟು ಇದ್ದೂ ಅಕ್ಷರಗಳನ್ನು ಕೂಡಿಸುವ ‘ಹಾರ್ಫ್‌ಬಜ್’ನಂಥ ಲೈಬ್ರರಿಯನ್ನು ಬಳಸದ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ, ಸ್ವರಚಿಹ್ನೆಗಳು ಸ್ಥಾನಪಲ್ಲಟವಾಗಿ ತೋರುತ್ತವೆ. ಡೆಬಿಯನ್ ಭಂಡಾರದಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳಿವೆ. ಆದರೆ ಅವನ್ನು ಹೆಸರಿಸಿ ಕೇಳಬೇಕು. ಬೆರಳಚ್ಚಿನ ಸೌಕರ್ಯಕ್ಕೆ ‘ಐಬಸ್’ ಇದ್ದರೆ ಸಾಲದು. ಅದನ್ನು ‘ಎಂ17ಎನ್’ ಎಂಬ ಬಹುಭಾಷಾ ಲೈಬ್ರರಿಗೆ ಜೋಡಿಸುವ ಪ್ಯಾಕೇಜು ಬೇಕು. ಆ ಲೈಬ್ರರಿಗೆ ಭಾಷಾವಾರು ಕೀಲಿಮಣೆಗಳ ವಿವರಸಂಗ್ರಹ ಬೇಕು. ಆ ಸಂಗ್ರಹದಲ್ಲಿರುವ ‘ಕೆಜಿಪಿ’ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತಿದೆ. ಅದರ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಜಪಾನಿನಲ್ಲಿ ಬೆಳೆದ ಲೈಬ್ರರಿ, ಕರ್ನಾಟಕದಲ್ಲಿ ರೂಢವಾದ ಕೀಲಿಮಣೆ, ಸಾಂತಾಕ್ರೂಜ್‌ನಲ್ಲಿ ಕುಳಿತ ವಿದ್ಯಾರ್ಥಿ ಈ ಮೂವರನ್ನು ಒಂದುಗೂಡಿಸುವ ಸರಪಣಿ ಇದು. ಕೊಂಡಿಯೊಂದು ಕಳಚಿದರೆ ವಿದ್ಯಾರ್ಥಿಯ ಬೆರಳಿಗೆ ಕನ್ನಡ ಎಟುಕುವುದಿಲ್ಲ.

ವಾಕ್ಯದಲ್ಲಿ ಹೇಳದೆ ಬಿಟ್ಟ ಪದವನ್ನು ಓದುಗನೇ ತಂದು ಕೂಡಿಸಿಕೊಳ್ಳುವುದನ್ನು ಶಾಸ್ತ್ರಕಾರರು ಅಧ್ಯಾಹಾರವೆಂದಿದ್ದಾರೆ. ಲಿನಕ್ಸ್‌ನ ಪ್ಯಾಕೇಜು ಪಟ್ಟಿಗಳಲ್ಲಿ ಕನ್ನಡವು ಬಹುಮಟ್ಟಿಗೆ ಅಧ್ಯಾಹಾರದಿಂದ ಬರಬೇಕಾದ ಪದ. ಇದರಲ್ಲಿ ದ್ವೇಷವಾಗಲಿ ಅಲಕ್ಷ್ಯವಾಗಲಿ ಇರಬೇಕೆಂದೇನೂ ಇಲ್ಲ. ಜಗತ್ತಿನ ಎಲ್ಲ ಭಾಷೆಗಳನ್ನೂ ಎಲ್ಲರ ಯಂತ್ರದಲ್ಲಿಯೂ ಕಡ್ಡಾಯಮಾಡಲು ಬರುವುದಿಲ್ಲ. ಆದರೆ ಕೇಳುವ ಹೊಣೆ ಕನ್ನಡಿಗರದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

5

ಕನ್ನಡದಂಥ ಭಾಷೆಗಳಿಗೆ ಬೇಕಾದ ಆಧಾರವನ್ನು ಎಲ್ಲಿ ಇರಿಸಬೇಕೆಂಬ ಪ್ರಶ್ನೆಗೆ ಸಾಂತಾಕ್ರೂಜ್‌ನ ನೆರೆಯಲ್ಲಿಯೇ ಒಂದು ಉತ್ತರ ಪ್ರಯತ್ನಿತವಾಗಿತ್ತು. ಜುಹುವಿನಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರವು (ಎನ್‌ಸಿಎಸ್‌ಟಿ) ‘ಇಂಡಿಕ್ಸ್’ ಎಂಬ ಯೋಜನೆಯನ್ನು ಕೈಗೊಂಡಿತ್ತು. ಈ ಕೇಂದ್ರ 2003ರಲ್ಲಿ ಸಿ-ಡ್ಯಾಕ್‌ನೊಡನೆ ವಿಲೀನವಾಯಿತು. ಲಿನಕ್ಸ್‌ನಲ್ಲಿ ತೆರೆಯ ಮೇಲೆ ಚಿತ್ರಿಸುವ ತಳಹದಿಯಾದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿಯೇ ಭಾರತೀಯ ಲಿಪಿಗಳ ಜ್ಞಾನವನ್ನು ಸೇರಿಸಿದರೆ ಅದರ ಮೇಲೆ ನಿಂತ ತಂತ್ರಾಂಶಗಳನ್ನು ಒಂದೊಂದಾಗಿ ತಿದ್ದಬೇಕಾಗುವುದಿಲ್ಲವೆಂಬುದು ಅದರ ಆಲೋಚನೆ. ಆಲೋಚನೆ ಉದಾರವಾದದ್ದು. ಆದರೆ ಅವಲಂಬನೆಯ ದೃಷ್ಟಿಯಿಂದ ನೋಡಿದರೆ ಇಂಥ ಮಾರ್ಗಕ್ಕೆ ಒಂದು ಸಹಜವಾದ ಕಷ್ಟವಿದೆ: ಮಾರ್ಪಡಿಸಿದ ತಳಹದಿ ಎಲ್ಲರ ಯಂತ್ರದಲ್ಲಿಯೂ ಇರುವುದಿಲ್ಲ, ಮೂಲದ ತಳಹದಿ ಹೊಸ ಆವೃತ್ತಿಗೆ ಸರಿದಾಗಲೆಲ್ಲ ಮಾರ್ಪಾಟನ್ನೂ ಪುನಃ ಹೊಂದಿಸಬೇಕಾಗುತ್ತದೆ. ಮುಂದೆ ಲಿನಕ್ಸ್ ಲೋಕದಲ್ಲಿ ನೆಲೆಗೊಂಡದ್ದು ಬೇರೆ ಮಾರ್ಗ. ಪ್ಯಾಂಗೊ, ಹಾರ್ಫ್‌ಬಜ್‌ಗಳಂಥ ಲೈಬ್ರರಿಗಳು ಅರಬ್ಬಿ, ಥಾಯ್, ದೇವನಾಗರಿ, ಕನ್ನಡ ಎಲ್ಲವನ್ನೂ ಒಟ್ಟಿಗೆ ನಿರ್ವಹಿಸುವುದರಿಂದ ಅವು ಎಲ್ಲರ ಸಾಮಾನ್ಯ ಅವಲಂಬನೆಗಳಾದವು. ಎಲ್ಲರಿಗೂ ಬೇಕಾದ ಕಟ್ಟಿನೊಳಗೆ ಸೇರಿದ ಕನ್ನಡ ಉಳಿಯುತ್ತದೆ. ಬೇರೆಯಾಗಿ ನಿಂತ ಕನ್ನಡವನ್ನು ಪ್ರತಿ ತಲೆಮಾರೂ ಹೊಸದಾಗಿ ಹೊತ್ತು ತರಬೇಕಾಗುತ್ತದೆ.

ಇದೇ ಪಾಠವನ್ನು ಕನ್ನಡ ವಿಭಾಗಗಳ ಕಪಾಟುಗಳಲ್ಲಿರುವ ಹಳೆಯ ಕಡತಗಳೂ ಹೇಳುತ್ತವೆ. 1990ರ ದಶಕದಲ್ಲಿಯೂ ಆಮೇಲಿನ ಕೆಲವು ವರ್ಷಗಳಲ್ಲಿಯೂ ಶ್ರೀಲಿಪಿ, ಆಕೃತಿ, ಬರಹ, ನುಡಿ ಮೊದಲಾದವುಗಳಲ್ಲಿ ಸಿದ್ಧವಾದ ಪ್ರಬಂಧಗಳು ಆಯಾ ಫಾಂಟುಗಳದೇ ಆದ ಸಂಕೇತಕ್ರಮದಲ್ಲಿ ಅಡಗಿವೆ. ಬರಹ, ನುಡಿಗಳು ಅನಂತರ ಯೂನಿಕೋಡನ್ನು ಅಳವಡಿಸಿಕೊಂಡವು. ಆದರೆ ಹಳೆಯ ಕಡತಗಳು ತಾವಾಗಿ ಬದಲಾಗವು. ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಕಾಣುವುದು ರೋಮನ್ ಅಕ್ಷರ, ಚಿಹ್ನೆಗಳ ಗೊಂದಲ. ಕಡತದಲ್ಲಿ ವಿವರಪತ್ರವಿಲ್ಲ, ತನಗೇನು ಬೇಕೆಂದು ಸ್ಪಷ್ಟವಾಗಿ ಕೇಳುವ ಶಕ್ತಿಯೂ ಅದಕ್ಕಿಲ್ಲ. ಟೀಕೆ ಉಳಿದು ಮೂಲ ಕಳೆದ ಓಲೆಗರಿಯ ಸ್ಥಿತಿ ಇದೇ. ಇಂಥ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ. ಆ ಕಡತಗಳನ್ನು ಬರೆದವರೂ ಮೂಲ ಮುದ್ರಿತ ಪ್ರತಿಗಳೂ ಇರುವಾಗಲೇ ಪರಿವರ್ತಿಸಿ, ಮುದ್ರಿತ ಪ್ರತಿಯೊಡನೆ ಹೋಲಿಸಿ ತಿದ್ದುವುದು ಕ್ಷೇಮ.

6

ಒಟ್ಟಾರೆಯಾಗಿ ಹೇಳುವುದಾದರೆ, ಸ್ಥಾಪನೆ ನಿಂತಾಗ ಮೊದಲು ಸಂದೇಶವನ್ನು ಪೂರ್ತಿಯಾಗಿ ಓದಬೇಕು. ಅನಂತರ ಸೂಚಿಯನ್ನು ನವೀಕರಿಸಿ, ಭಂಡಾರದ ವಿಭಾಗಗಳನ್ನು ಪರಿಶೀಲಿಸಿ, ಸನ್ನಿಧಿ ಇದೆಯೇ ಎಂದು ನೋಡಬೇಕು. ಆಮೇಲೆ ಈಡೇರದ ಆಕಾಂಕ್ಷೆಯನ್ನು ಸಾಧನದ ಮೂಲಕವೇ ತುಂಬಿಸಬೇಕು. ಕೊನೆಗೆ ಆವೃತ್ತಿಗಳ ಯೋಗ್ಯತೆಯನ್ನು ವಿಚಾರಿಸಬೇಕು. ಬಲವಂತವನ್ನು ಪರಿಹಾರವೆಂದು ತಿಳಿಯಬಾರದು. ಈ ಕ್ರಮದಲ್ಲಿ ನಡೆದರೆ ಬಹುಪಾಲು ಲೋಪಗಳು ನಿವಾರಣೆಯಾಗುತ್ತವೆ.

ಯಂತ್ರವು ಹೇಳದ ಲೋಪಕ್ಕೆ ಪರಿಹಾರ ಬೇರೆ. ವಿಭಾಗವೊಂದರ ಯಂತ್ರಗಳಲ್ಲಿ ಕನ್ನಡದ ಕೆಲಸಕ್ಕೆ ಯಾವ ಫಾಂಟು, ಯಾವ ಕೀಲಿಮಣೆ, ಯಾವ ಅಕ್ಷರಗುರುತಿನ ಸಾಮಗ್ರಿ ಬೇಕೆಂಬ ಪಟ್ಟಿಯೊಂದನ್ನು ಬರೆದಿಡಬೇಕು. ಯಂತ್ರದಲ್ಲಿ ಕೇಳಿ ಸ್ಥಾಪಿಸಿದ ಪ್ಯಾಕೇಜುಗಳ ಹೆಸರುಗಳನ್ನು ‘ಆಪ್ಟ್-ಮಾರ್ಕ್’ ಎಂಬ ಆದೇಶ ಒದಗಿಸುತ್ತದೆ. ಅದನ್ನು ಕಾಗದದ ಮೇಲೆ ಮುದ್ರಿಸಿ ಪ್ರಬಂಧದೊಡನೆ ಇರಿಸಿದರೂ ಸಾಕು. ಯಂತ್ರ ಬದಲಾದಾಗ, ವಿದ್ಯಾರ್ಥಿ ಪದವಿ ಪಡೆದು ಹೊರಟಾಗ, ಮುಂದಿನವನು ಮೊದಲಿನಿಂದ ತಡಕಾಡಬೇಕಾಗುವುದಿಲ್ಲ. ಲಿಪಿಕಾರನು ಓಲೆಗರಿಯ ಕೊನೆಯಲ್ಲಿ ತಾನು ಯಾವ ಪ್ರತಿಯನ್ನು ನೋಡಿ ಬರೆದೆನೆಂದು ಒಂದು ಸಾಲು ಸೇರಿಸಿದ್ದರೆ ಸಂಪಾದಕನಿಗೆ ಅದು ಎಷ್ಟು ಬೆಲೆಯುಳ್ಳದ್ದೋ, ಮುಂದೊಮ್ಮೆ ಈ ಕಡತಗಳನ್ನು ತೆರೆಯುವವನಿಗೆ ಆ ಪಟ್ಟಿಯೂ ಅಷ್ಟೇ ಬೆಲೆಯುಳ್ಳದ್ದಾಗುತ್ತದೆ.